ಔಷಧ ಉಗಿಯುವ ಮಗುವಿಗೆ ಔಷಧ ಕುಡಿಸುವುದು ಹೇಗೆ

"ಅಕ್ಕಾ, ಈ ಔಷ್ದ ಕುಡ್ಸಕ್ಕೇ ಆಯ್ತಾ ಇಲ್ಲ ಕಣಕ್ಕ. ಬಾಯಿಗೆ ಹಾಕಿದ್ರೆ ಉಗುದ್ಬುಡ್ತಾನೆ." ಮಂಡ್ಯದ ನಮ್ಮ ಮೆಡಿಕಲ್ ಶಾಪಿನಲ್ಲಿ ಸಂಜೆ ಹೊತ್ತು ನಾನು ಕೇಳುವ ಮಾತು ಇದು. ಕೆರಗೋಡು, ಬಸರಾಳು, ದುದ್ದ ಕಡೆಯಿಂದ ಬಸ್ಸಿನಲ್ಲಿ ಬಂದು, ಡಾಕ್ಟರಿಗೆ ತೋರಿಸಿ, ಚೀಟಿ ಹಿಡಿದು ನಿಂತಿರುತ್ತಾರೆ. ಮಗು ಹೆಗಲ ಮೇಲೆ ಸೋತು ಮಲಗಿರುತ್ತದೆ. ಔಷಧ ಕೊಟ್ಟು ಕಳಿಸುವುದು ನನಗೆ ಎರಡು ನಿಮಿಷದ ಕೆಲಸ. ಅದನ್ನು ಮಗುವಿನ ಹೊಟ್ಟೆಗೆ ಸೇರಿಸುವ ಕಷ್ಟ ಮನೆಯವರಿಗೇ ಗೊತ್ತು.

ನಾನು ಡಿ.ಫಾರ್ಮಾ ಓದಿದವಳು, ಇಬ್ಬರು ಮಕ್ಕಳ ತಾಯಿ. ನನ್ನ ಮಗಳು ಔಷಧದ ಬಾಟಲಿ ಕಂಡರೆ ಹಲ್ಲು ಕಚ್ಚಿ ಕೂರುತ್ತಿದ್ದಳು. ಮಗ ಹಾಗಲ್ಲ, ಆರಾಮಾಗಿ ಬಾಯಿ ತೆರೆಯುತ್ತಿದ್ದ. ಔಷಧವನ್ನು ಕೆನ್ನೆಯಲ್ಲೇ ಇಟ್ಟುಕೊಂಡು, ನಾನು ಆ ಕಡೆ ತಿರುಗಿದ ಮೇಲೆ ದಿಂಬಿಗೆ ಉಗಿಯುತ್ತಿದ್ದ. ಇಬ್ಬರಿಗೂ ಒಂದೇ ಉಪಾಯ ನಡೆಯುವುದಿಲ್ಲ ಅಲ್ವಾ? ಆದರೆ ಯಾವ ಮಗುವಿಗಾದರೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಕುಡಿಸಬೇಕಾದ ಔಷಧವನ್ನೇ ಕಮ್ಮಿ ಮಾಡಿಕೊಳ್ಳುವುದು. ಎಷ್ಟು ಬಗೆ, ದಿನಕ್ಕೆ ಎಷ್ಟು ಸಲ, ಒಂದು ಸಲಕ್ಕೆ ಎಷ್ಟು ಎಂ.ಎಲ್. ಎಂಬ ಮೂರೂ ಇಳಿದರೆ ಅರ್ಧ ಕಷ್ಟ ಇಳಿಯುತ್ತದೆ. ಅದು ಆಗುವುದು ಡಾಕ್ಟರ ರೂಮಿನಲ್ಲಿ, ನಮ್ಮ ಕೌಂಟರಿನಲ್ಲಿ. ಮನೆಗೆ ಹೋದ ಮೇಲೆ ಅಲ್ಲ.

ಚೀಟಿ ಬರೆಯುವಾಗಲೇ ಕೇಳಿ

"ನಮ್ಮ ಮಗು ಔಷಧ ಉಗಿಯುತ್ತೆ ಸಾರ್" ಎಂದು ಡಾಕ್ಟರಿಗೆ ಮೊದಲೇ ಹೇಳಿ. ನಾಚಿಕೆ ಬೇಡ. ಅದು ಗೊತ್ತಾದರೆ ಅವರು ಬೇರೆ ಥರ ಬರೆಯಬಹುದು. ದಿನಕ್ಕೆ ಮೂರು ಸಲದ ಔಷಧದ ಬದಲು ಎರಡು ಸಲದ್ದು ಇರಬಹುದು. ಕೆಲವು ಕಾಯಿಲೆಗೆ ದಿನಕ್ಕೆ ಒಂದೇ ಸಲದ್ದೂ ಇರುತ್ತದೆ. ಅದನ್ನು ಅವರೇ ತೀರ್ಮಾನಿಸಬೇಕು, ಆದರೆ ಕೇಳುವುದು ನಿಮ್ಮ ಹಕ್ಕು.

ಪ್ರಮಾಣದ ವಿಷಯ ಒಂದು ಲೆಕ್ಕದಲ್ಲಿ ಹೇಳುತ್ತೇನೆ. ಜ್ವರದ ಔಷಧ ಪ್ಯಾರಾಸಿಟಮಾಲ್ ಮಕ್ಕಳಿಗೆ ಸಾಮಾನ್ಯವಾಗಿ ಮೂರು ಶಕ್ತಿಯಲ್ಲಿ ಸಿಗುತ್ತದೆ. ಮಾಮೂಲಿ ಸಿರಪ್‌ನಲ್ಲಿ 5 ಎಂ.ಎಲ್.ಗೆ 120 ಅಥವಾ 125 ಎಂ.ಜಿ. ಇರುತ್ತದೆ. ಇನ್ನೊಂದರಲ್ಲಿ ಅದೇ 5 ಎಂ.ಎಲ್.ಗೆ 250 ಎಂ.ಜಿ. ಡ್ರಾಪ್ಸ್‌ನಲ್ಲಿ ಒಂದೇ ಎಂ.ಎಲ್.ಗೆ 100 ಎಂ.ಜಿ. ಈಗ 12 ಕೆ.ಜಿ. ತೂಗುವ ಮಗುವಿಗೆ ಡಾಕ್ಟರು 180 ಎಂ.ಜಿ. ಕೊಡಿ ಎಂದರು ಅಂತಿಟ್ಟುಕೊಳ್ಳಿ. 120ರ ಸಿರಪ್ ಆದರೆ ಏಳೂವರೆ ಎಂ.ಎಲ್. ಕುಡಿಸಬೇಕು. 250ರದ್ದಾದರೆ 3.6 ಎಂ.ಎಲ್. ಸಾಕು. ಡ್ರಾಪ್ಸ್ ಆದರೆ 1.8 ಎಂ.ಎಲ್. ಮಾತ್ರ. ಒದ್ದಾಡುವ ಮಗುವಿಗೆ ಏಳೂವರೆಗೂ ಎರಡಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ.

ಇಲ್ಲೇ ದೊಡ್ಡ ಅಪಾಯವೂ ಇದೆ. ಡ್ರಾಪ್ಸ್ ಮಾಮೂಲಿ ಸಿರಪ್‌ಗಿಂತ ನಾಲ್ಕು ಪಟ್ಟು ಗಟ್ಟಿ. ಸಿರಪ್ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಮಗುವಿನ ಲಿವರ್‌ಗೆ ಏಟು ಬೀಳಬಹುದು. ಹಾಗಾಗಿ ಮನೆಯಲ್ಲಿ ನೀವೇ ಅದಲು ಬದಲು ಮಾಡಬೇಡಿ. ಡಾಕ್ಟರನ್ನು ಕೇಳಿ. ಅಂಗಡಿಯಲ್ಲಿ ಬಾಟಲಿಯ ಮೇಲೆ "ಇಷ್ಟು ಎಂ.ಎಲ್." ಎಂದು ಪೆನ್ನಿನಲ್ಲಿ ಬರೆಸಿಕೊಳ್ಳಿ. ಮಗುವಿನ ತೂಕವನ್ನೂ ನೋಡಿಸಿಕೊಂಡು ಬನ್ನಿ. ಮಕ್ಕಳ ಔಷಧದ ಲೆಕ್ಕ ತೂಕದ ಮೇಲೆ. "ಎರಡು ವರ್ಷದ ಮಗೂಗೆ ಏನಾದ್ರೂ ಕೊಡಿ" ಎಂದರೆ ನಾನು ಕೊಡುವುದಿಲ್ಲ.

ಏನು ಕುಡಿಸಿದರೂ ವಾಂತಿ ಆಗುತ್ತಿದ್ದರೆ, ಜ್ವರಕ್ಕೆ ಹಿಂದಿನಿಂದ, ಅಂದರೆ ಗುದದ್ವಾರದಲ್ಲಿ, ಇಡುವ ಪ್ಯಾರಾಸಿಟಮಾಲ್ ಕೂಡ ಇದೆ. ಅದನ್ನೂ ಕೇಳಿ.

ಯಾವುದಕ್ಕೆ ಪಟ್ಟು ಹಿಡಿಯಬೇಕು, ಯಾವುದಕ್ಕೆ ಬೇಡ

ನಾಲ್ಕು ಬಾಟಲಿ ತಂದು ನಾಲ್ಕಕ್ಕೂ ಸಮನಾಗಿ ಗುದ್ದಾಡುವ ಮನೆಗಳನ್ನು ನೋಡಿದ್ದೇನೆ. ಎರಡನೇ ದಿನಕ್ಕೆ ಎಲ್ಲರೂ ಸುಸ್ತಾಗಿ, ಬೇಕಾದ ಔಷಧವೇ ತಪ್ಪಿಹೋಗುತ್ತದೆ. ಅದಕ್ಕೇ "ಇದರಲ್ಲಿ ಬಿಡಲೇಬಾರದ್ದು ಯಾವುದು ಸಾರ್?" ಎಂದು ಡಾಕ್ಟರನ್ನು ಕೇಳಿಕೊಳ್ಳಿ.

ಆಂಟಿಬಯೋಟಿಕ್ ಕೊಟ್ಟಿದ್ದರೆ ಅದನ್ನು ಬಿಡಬಾರದು. ಫಿಟ್ಸ್, ಉಬ್ಬಸ, ಟಿ.ಬಿ. ಔಷಧಗಳನ್ನಂತೂ ಒಂದು ಹೊತ್ತೂ ತಪ್ಪಿಸಬಾರದು. ಬೇಧಿ ಆದಾಗ ಓ.ಆರ್.ಎಸ್., ಜಿಂಕ್ ಕೂಡ ಹಾಗೇ.

ಜ್ವರದ ಔಷಧದ ವಿಷಯ ಬೇರೆ. ಮಗುವಿನ ಮೈಕೈ ನೋವು, ಸಂಕಟ ಕಮ್ಮಿ ಮಾಡುವುದಕ್ಕೆ ಅದು ಇರುವುದು. ಮೈ ಬೆಚ್ಚಗಿದ್ದರೂ ಮಗು ಆಡಿಕೊಂಡು, ನೀರು ಕುಡಿದುಕೊಂಡು ಇದ್ದರೆ ಎಬ್ಬಿಸಿ, ಅಳಿಸಿ ಕುಡಿಸುವ ಅಗತ್ಯ ಇಲ್ಲ. ಮೂರು ತಿಂಗಳೊಳಗಿನ ಕೂಸಿಗೆ ಮಾತ್ರ 100.4 ಡಿಗ್ರಿ ಮುಟ್ಟಿದರೂ ಸೀದಾ ಆಸ್ಪತ್ರೆಗೆ ಹೋಗಿ. ಅಲ್ಲಿ ಮನೆ ಔಷಧದ ಮಾತೇ ಬೇಡ.

ಕೆಮ್ಮಿನ ಸಿರಪ್ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಪುಟ್ಟ ಮಕ್ಕಳಿಗೆ ಅದನ್ನು ಕುಡಿಸಲು ಒದ್ದಾಡಬೇಡಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ಕಲಬೆರಕೆ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಇತ್ತು. ಆ ಅಕ್ಟೋಬರ್‌ನಲ್ಲೇ ಕೇಂದ್ರದ ಆರೋಗ್ಯ ಇಲಾಖೆ ಎಲ್ಲ ರಾಜ್ಯಗಳಿಗೂ ಹೇಳಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ಶೀತದ ಸಿರಪ್ ಬರೆಯಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ. ಕಲಬೆರಕೆ ಇಲ್ಲದಿದ್ದರೂ ಈ ವಯಸ್ಸಿನಲ್ಲಿ ಅದರಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ. ಒಂದು ವರ್ಷ ದಾಟಿದ ಮಗುವಾದರೆ ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ ಕೊಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬೇಡಿ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಕೂಸಿನ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತದೆ.

ಅಳತೆ

ಅಡುಗೆ ಮನೆ ಚಮಚ ಬೇಡ. ಒಂದೊಂದು ಮನೆಯ ಚಮಚ ಒಂದೊಂದು ಅಳತೆ. ನಮ್ಮಲ್ಲಿ 5 ಎಂ.ಎಲ್. ಸಿರಿಂಜ್ ಕೇಳಿ. ಸೂಜಿ ತೆಗೆದು ಅಂಗಡಿಯಲ್ಲೇ ಬಿಟ್ಟುಬಿಡಿ. ತುದಿಗೆ ಪುಟ್ಟ ಮುಚ್ಚಳ ಇದ್ದರೆ ಅದನ್ನೂ ಎಸೆಯಿರಿ. ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಸಿರಿಂಜ್‌ನಲ್ಲಿ ಅಳತೆ ಸರಿಯಾಗಿರುತ್ತದೆ, ಚೆಲ್ಲುವುದಿಲ್ಲ, ಎಷ್ಟು ಒಳಗೆ ಹೋಯಿತು ಎಂದು ಕಣ್ಣಿಗೆ ಕಾಣುತ್ತದೆ.

ಬಾಟಲಿ ಚೆನ್ನಾಗಿ ಕುಲುಕಿ. ಇಲ್ಲದಿದ್ದರೆ ಔಷಧ ತಳದಲ್ಲಿ ಕೂತಿರುತ್ತದೆ. ಮೊದಲ ದಿನ ಬರೀ ಸಿಹಿ ನೀರು, ಕೊನೆ ದಿನ ಗಟ್ಟಿ ಔಷಧ ಕುಡಿಸಿದಂತಾಗುತ್ತದೆ. ಕೊನೆಗೊನೆಗೆ ಮಗು ಜಾಸ್ತಿ ಹಠ ಮಾಡುವುದಕ್ಕೆ ಇದೂ ಒಂದು ಕಾರಣ.

ಪುಡಿ ರೂಪದ ಡ್ರೈ ಸಿರಪ್ ಆದರೆ ಕಾಯಿಸಿ ಆರಿಸಿದ ನೀರು ಹಾಕಬೇಕು. ಮೊದಲು ಅರ್ಧ ಹಾಕಿ ಕುಲುಕಿ, ನೊರೆ ಇಳಿಯಲು ಬಿಟ್ಟು, ಆಮೇಲೆ ಗೆರೆಯವರೆಗೆ ತುಂಬಿಸಿ. ಗೆರೆಗಿಂತ ಜಾಸ್ತಿ ಬೇಡ, ಕಮ್ಮಿಯೂ ಬೇಡ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಕಲಸಿದ ಮೇಲೆ ಫ್ರಿಜ್‌ನಲ್ಲಿಡಬೇಕು, ಏಳು ದಿನ ಮಾತ್ರ ಬಳಸಬೇಕು. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಕೂರಿಸಿಕೊಂಡು ಕುಡಿಸಿ

ನಮ್ಮ ಅವ್ವಂದಿರ ಕಾಲದಲ್ಲಿ ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿ, ಒಳಲೆಯಲ್ಲಿ ಸುರಿಯುತ್ತಿದ್ದರು. ಬೆಳ್ಳಿ ಒಳಲೆ ಈಗಲೂ ಬಹಳ ಮನೆಗಳಲ್ಲಿದೆ. ಒಳಲೆ ಒಳ್ಳೆಯದೇ. ಕೂಸಿನ ತಲೆ ಎತ್ತಿ ಹಿಡಿದು, ತುಟಿಗೆ ಮುಟ್ಟಿಸಿ, ಅದೇ ಹೀರಿಕೊಳ್ಳಲು ಬಿಟ್ಟರೆ ತೊಂದರೆ ಇಲ್ಲ. ತೊಂದರೆ ಇರುವುದು ಅಂಗಾತ ಮಲಗಿಸಿ, ಮೂಗು ಹಿಡಿದು, ಕೆನ್ನೆ ಒತ್ತಿ ಗಂಟಲಿಗೆ ಸುರಿಯುವುದರಲ್ಲಿ. ಅಳುವ ಮಗು ಜೋರಾಗಿ ಉಸಿರು ಎಳೆದುಕೊಳ್ಳುತ್ತದೆ. ಆಗ ಬಾಯಲ್ಲಿದ್ದದ್ದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯಬಹುದು. ಹರಳೆಣ್ಣೆ ಹೀಗೆ ಕುಡಿಸುವುದಂತೂ ಬಿಟ್ಟೇಬಿಡಿ. ಎಣ್ಣೆ ಶ್ವಾಸಕೋಶ ಸೇರಿದರೆ ಬರುವ ನ್ಯುಮೋನಿಯಾ ಬೇಗ ವಾಸಿಯಾಗುವುದಿಲ್ಲ.

ನಾನು ಕೌಂಟರಿನಲ್ಲಿ ತೋರಿಸಿಕೊಡುವ ಕ್ರಮ ಹೀಗಿದೆ. ನೀವು ಕುರ್ಚಿಯಲ್ಲಿ ಕೂತು ಮಗುವನ್ನು ತೊಡೆಯ ಮೇಲೆ ಪಕ್ಕವಾಗಿ ಕೂರಿಸಿಕೊಳ್ಳಿ. ಮಗುವಿನ ಒಂದು ಕೈ ನಿಮ್ಮ ಬೆನ್ನ ಹಿಂದೆ ಹೋಗಲಿ, ತಬ್ಬಿಕೊಂಡ ಹಾಗೆ. ಇನ್ನೊಂದು ಕೈಯನ್ನು ನಿಮ್ಮ ಎಡಗೈಯಲ್ಲಿ ಮೆಲ್ಲಗೆ ಹಿಡಿಯಿರಿ. ತಲೆ ನಿಮ್ಮ ತೋಳಿಗೆ ಒರಗಿರಲಿ, ಹಿಂದಕ್ಕೆ ವಾಲದಿರಲಿ. ಸಿರಿಂಜ್ ತುದಿಯನ್ನು ಬಾಯಿಯ ಪಕ್ಕದಿಂದ, ಕೆನ್ನೆಗೂ ವಸಡಿಗೂ ನಡುವೆ ಇಡಿ. ನಾಲಿಗೆ ಮೇಲೆ ಬೇಡ, ಗಂಟಲ ಕಡೆಗೂ ಬೇಡ. ನಾಲಿಗೆಗೆ ತಾಗಿದರೆ ಕಹಿ ಗೊತ್ತಾಗುತ್ತದೆ, ಹಿಂದಕ್ಕೆ ಹೋದರೆ ವಾಕರಿಕೆ ಬರುತ್ತದೆ. ಅರ್ಧ ಎಂ.ಎಲ್., ಹೆಚ್ಚೆಂದರೆ ಒಂದು ಎಂ.ಎಲ್. ಬಿಡಿ. ನುಂಗುವ ತನಕ ಕಾಯಿರಿ. ಆಮೇಲೆ ಇನ್ನೊಂದಿಷ್ಟು. ನುಂಗದೆ ಇಟ್ಟುಕೊಂಡರೆ, ಪುಟ್ಟ ಕೂಸಾದರೆ ಮುಖಕ್ಕೆ ಮೆಲ್ಲಗೆ ಊದಿ. ಗುಟುಕ್ ಎಂದು ನುಂಗುತ್ತದೆ. ನನ್ನ ಮಗನಂಥವರಿಗೆ ಔಷಧ ಆದ ಮೇಲೆ ಎರಡು ಗುಟುಕು ನೀರು ಕುಡಿಸಿ, ಬಾಯಿ ತೆರೆಸಿ ನೋಡಬೇಕು.

ಮಗು ಜೋರಾಗಿ ಅಳುತ್ತಿದ್ದರೆ ಸಿರಿಂಜ್ ಕೆಳಗಿಡಿ. ಹತ್ತು ನಿಮಿಷ ತಡವಾದರೆ ಏನೂ ಆಗುವುದಿಲ್ಲ. ಎತ್ತಿಕೊಂಡು ಹೊರಗೆ ಓಡಾಡಿ, ಹಸು ಕರು ತೋರಿಸಿ, ಉಸಿರಾಟ ಸರಿಯಾದ ಮೇಲೆ ಮತ್ತೆ ಕೂರಿ.

ಕೋಣೆಯಲ್ಲಿ ಎಷ್ಟು ಜನ ಇರುತ್ತಾರೆ ಎಂಬುದೂ ಮುಖ್ಯ. ನಮ್ಮ ಮನೆಗಳಲ್ಲಿ ಒಬ್ಬರು ಕೈ ಹಿಡಿದು, ಒಬ್ಬರು ಕಾಲು ಹಿಡಿದು, ಅಜ್ಜಿ "ಅಯ್ಯೋ ಬುಡ್ರೋ ಪಾಪ" ಎಂದು ಕಣ್ಣೀರು ಹಾಕುತ್ತಿರುತ್ತಾರೆ. ಮಗುವಿಗೆ ಏನೋ ಆಗಬಾರದ್ದು ಆಗುತ್ತಿದೆ ಅನ್ನಿಸುತ್ತದೆ. ಕುಡಿಸುವವರು ಒಬ್ಬರೇ ಇರಲಿ. ಅಜ್ಜಿಗೆ ಇನ್ನೊಂದು ಕೆಲಸ ಕೊಡಿ: ಔಷಧ ಆದ ತಕ್ಷಣ ಮಗುವನ್ನು ಎತ್ತಿಕೊಂಡು ಹೋಗಿ ಬಾಯಿಗೆ ಬೆಲ್ಲ ಇಡುವುದು. ಅಜ್ಜಿಗೂ ಸಮಾಧಾನ, ಮಗುವಿಗೂ ಸಮಾಧಾನ. ಕೊಟ್ಟ ಹೊತ್ತನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆಯಿರಿ. ಅಮ್ಮ ಕೊಟ್ಟದ್ದು ಗೊತ್ತಿಲ್ಲದೆ ಅಪ್ಪ ಇನ್ನೊಮ್ಮೆ ಕೊಡುವುದು ತಪ್ಪುತ್ತದೆ.

ಕಹಿ ಮರೆಸುವುದು

ತಣ್ಣಗಿದ್ದರೆ ಕಹಿ ಕಮ್ಮಿ ಗೊತ್ತಾಗುತ್ತದೆ. ಔಷಧಕ್ಕೆ ಮುಂಚೆ ಮಗುವಿಗೆ ಐಸ್ ತುಂಡು ಅಥವಾ ಐಸ್‌ಕ್ಯಾಂಡಿ ಎರಡು ಸಲ ನೆಕ್ಕಿಸಿ. "ಶೀತಕ್ಕೆ ಐಸಾ?" ಎಂದು ಅತ್ತೆಯವರು ಕೇಳಬಹುದು. ಅಷ್ಟಕ್ಕೆ ಶೀತ ಜಾಸ್ತಿಯಾಗುವುದಿಲ್ಲ. ಐಸ್ ತುಂಡನ್ನು ನಿಮ್ಮ ಕೈಯಲ್ಲೇ ಹಿಡಿದಿರಿ, ಬಾಯಿಗೆ ಬಿಡಬೇಡಿ. ಇಲ್ಲವೇ ಮೊದಲು ಒಂದಿಷ್ಟು ಬೆಣ್ಣೆ ನೆಕ್ಕಿಸಿ. ನಾಲಿಗೆಗೆ ಜಿಡ್ಡು ಹತ್ತಿರುತ್ತದೆ, ಕಹಿ ತಡವಾಗಿ ತಾಗುತ್ತದೆ.

ಮಂಡ್ಯದಲ್ಲಿ ಬೆಲ್ಲಕ್ಕೆ ಬರ ಇಲ್ಲ. ಆಲೆಮನೆಯ ಜೋನಿಬೆಲ್ಲ ಈ ಕೆಲಸಕ್ಕೆ ನನಗೆ ಎಲ್ಲಕ್ಕಿಂತ ಇಷ್ಟ. ಗಟ್ಟಿ ಬೆಲ್ಲ ಬಾಯಲ್ಲಿ ಕರಗುವಷ್ಟರಲ್ಲಿ ಕಹಿ ಹರಡಿರುತ್ತದೆ. ಜೋನಿಬೆಲ್ಲ ಬೆರಳಲ್ಲಿ ತೆಗೆದು ನೆಕ್ಕಿಸಿದ ಕೂಡಲೇ ಬಾಯೆಲ್ಲ ಸಿಹಿ. ಇದು ಒಂದು ವರ್ಷ ದಾಟಿದ ಮಕ್ಕಳಿಗೆ ಮಾತ್ರ.

ಆಹಾರದಲ್ಲಿ ಕಲಸುವುದಾದರೆ ಒಂದೇ ಒಂದು ಚಮಚದಲ್ಲಿ ಕಲಸಿ. ಕಿವುಚಿದ ಏಲಕ್ಕಿ ಬಾಳೆಹಣ್ಣು ಚೆನ್ನಾಗಿ ಹೊಂದುತ್ತದೆ. ಲೋಟ ತುಂಬ ಹಾಲಿಗೆ ಹಾಕಬೇಡಿ. ಮಗು ಅರ್ಧ ಕುಡಿದು ಬಿಟ್ಟರೆ ಎಷ್ಟು ಔಷಧ ಹೋಯಿತು ಎಂದು ಗೊತ್ತಾಗುವುದಿಲ್ಲ. ಆಮೇಲೆ ಹಾಲನ್ನೇ ಬೇಡ ಅನ್ನಲು ಶುರು ಮಾಡುತ್ತದೆ. ಹಾಲಿನ ಜೊತೆ ಹೋಗದ ಔಷಧಗಳೂ ಇವೆ. ಕಬ್ಬಿಣದ ಸಿರಪ್ ಅಂಥದ್ದು. ಅದಕ್ಕೆ ನಿಂಬೆಹಣ್ಣಿನ ಪಾನಕ ಒಳ್ಳೆಯದು, ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಹಲ್ಲು ಕಪ್ಪಾಗದಂತೆ ಅದನ್ನೂ ಕೆನ್ನೆ ಒಳಗೇ ಬಿಡಿ, ಆಮೇಲೆ ನೀರು ಕುಡಿಸಿ. ಮಲ ಕಪ್ಪಗಾದರೆ ಹೆದರಬೇಡಿ.

ಜಿಂಕ್ ಮಾತ್ರೆ ಚಮಚ ನೀರಿನಲ್ಲಿ ಹಾಕಿದರೆ ತಾನಾಗೇ ಕರಗುತ್ತದೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಎಂ.ಜಿ., ಎರಡರಿಂದ ಆರು ತಿಂಗಳ ಕೂಸಿಗೆ 10. ಬೇಧಿ ನಿಂತರೂ 14 ದಿನ ಕೊಡಬೇಕು. ಮೊಲೆಹಾಲು ಹಿಂಡಿ ಅದರಲ್ಲಿ ಕರಗಿಸಿಯೂ ಕೊಡಬಹುದು. ಓ.ಆರ್.ಎಸ್. ಉಪ್ಪುಪ್ಪು ಎಂದು ಮಕ್ಕಳು ತಳ್ಳುತ್ತಾರೆ. ಸ್ವಲ್ಪ ತಣ್ಣಗೆ ಮಾಡಿ, ಒಂದೆರಡು ನಿಮಿಷಕ್ಕೊಂದು ಚಮಚದಂತೆ ಕೊಡುತ್ತಾ ಹೋಗಿ. ಲೋಟ ಮುಂದೆ ಹಿಡಿದರೆ ಆಗದ್ದು ಚಮಚದಲ್ಲಿ ಆಗುತ್ತದೆ. ಸಕ್ಕರೆ ಸೇರಿಸಬೇಡಿ, ಬೇಧಿ ಜಾಸ್ತಿಯಾಗುತ್ತದೆ. ಒಂದು ಲೀಟರಿನ ಪ್ಯಾಕೆಟ್ ಆದರೆ ಪೂರ್ತಿ ಪ್ಯಾಕೆಟ್ ಪೂರ್ತಿ ಲೀಟರಿಗೆ.

ಸ್ವಲ್ಪ ದೊಡ್ಡ ಮಕ್ಕಳ ವಿಷಯಕ್ಕೂ ಒಂದು ಮಾತು. ನಮ್ಮ ಕಡೆ ಮಕ್ಕಳಿಗೆ ಮುದ್ದೆ ಅಗಿಯದೆ ನುಂಗುವುದು ಮನೆಯಲ್ಲೇ ಬಂದಿರುತ್ತದೆ. ಆರೇಳು ವರ್ಷದವರು ಮಾತ್ರೆಗೆ ಹೆದರಿದರೆ, ಆರಿದ ಮುದ್ದೆಯ ಪುಟ್ಟ ತುತ್ತಿನಲ್ಲಿ ಮಾತ್ರೆ ಇಟ್ಟು, ಸಾರಲ್ಲಿ ಅದ್ದಿ ಕೊಡಿ. ಮಾತ್ರೆ ಇದೆ ಎಂದು ಮೊದಲೇ ಹೇಳಿರಿ. ಊಟದ ಜೊತೆ ಕೊಡಬಹುದಾದ ಮಾತ್ರೆಯೇ ಎಂದು ಕೇಳಿಕೊಂಡಿರಿ. ಪುಡಿ ಮಾಡಿ ಕೊಡುವುದಾದರೂ ಕೇಳಿಯೇ ಮಾಡಿ. ಮೇಲೆ ಲೇಪ ಇರುವ ಕೆಲವು ಮಾತ್ರೆಗಳನ್ನು ಪುಡಿ ಮಾಡಿದರೆ ಕೆಲಸ ಕೆಡುತ್ತದೆ.

ಮಗುವಿಗೆ ಏನು ಹೇಳಬೇಕು

ನಿಜ ಹೇಳಿ. "ಇದು ಕಹಿ ಕಣೋ ಕಂದ. ಬೇಗ ಮುಗಿಯುತ್ತೆ. ಆಮೇಲೆ ಬೆಲ್ಲ." ಇಷ್ಟೇ ಸಾಕು. ಕಹಿ ಇಲ್ಲ ಎಂದು ಒಂದು ಸಲ ಹೇಳಿ ಕುಡಿಸಬಹುದು. ಮುಂದಿನ ಹೊತ್ತಿಗೆ ನಿಮ್ಮ ಮಾತನ್ನು ಮಗು ನಂಬುವುದಿಲ್ಲ. ಚಾಕಲೇಟು, ಜ್ಯೂಸು ಎಂದು ಹೆಸರಿಟ್ಟು ಕುಡಿಸುವುದು ಇನ್ನೂ ಅಪಾಯ. ನೀವು ಇಲ್ಲದಾಗ ಮಗು ಬಾಟಲಿ ಹುಡುಕಿ ಪೂರ್ತಿ ಕುಡಿದುಬಿಡಬಹುದು.

"ಕುಡೀದಿದ್ರೆ ಡಾಕ್ಟ್ರತ್ರ ಸೂಜಿ ಚುಚ್ಚಿಸ್ತೀನಿ" ಅನ್ನಬೇಡಿ. ಮುಂದಿನ ಸಲ ಆಸ್ಪತ್ರೆ ಬಾಗಿಲಲ್ಲೇ ಅಳು ಶುರುವಾಗುತ್ತದೆ, ಡಾಕ್ಟರಿಗೆ ಎದೆ ಪರೀಕ್ಷೆ ಮಾಡಲೂ ಬಿಡುವುದಿಲ್ಲ.

"ಔಷಧ ಕುಡೀತೀಯಾ?" ಎಂದು ಕೇಳಲೂಬೇಡಿ. ಬೇಡ ಅಂದರೆ ಏನು ಮಾಡುತ್ತೀರಿ? ಕುಡಿಯುವುದು ಖಂಡಿತ, ಹೇಗೆ ಎಂಬುದು ಅದರ ಇಷ್ಟ. ಅಮ್ಮನ ತೊಡೆ ಮೇಲಾ, ಅಪ್ಪನ ತೊಡೆ ಮೇಲಾ? ಈ ಕೆನ್ನೆಗಾ, ಆ ಕೆನ್ನೆಗಾ? ಆಮೇಲೆ ಬೆಲ್ಲವಾ, ದ್ರಾಕ್ಷಿಯಾ? ಮೂರು ವರ್ಷದ ಮೇಲಿನ ಮಕ್ಕಳಿಗೆ ಸಿರಿಂಜ್‌ನ ಹಿಂಬದಿ ತಾವೇ ಒತ್ತಲು ಕೊಡಿ, ನಿಮ್ಮ ಬೆರಳು ಜೊತೆಗಿರಲಿ. ನನ್ನ ಮಗಳ ಕಚ್ಚಿದ ಹಲ್ಲು ತೆರೆದದ್ದು ಇದರಿಂದಲೇ. ಮೊದಲು ಬೊಂಬೆಗೆ ಖಾಲಿ ಸಿರಿಂಜ್‌ನಲ್ಲಿ ಕುಡಿಸುತ್ತಿದ್ದಳು, ಆಮೇಲೆ ತಾನು ಕುಡಿಯುತ್ತಿದ್ದಳು. ಕುಡಿದ ಮೇಲೆ "ಎಷ್ಟು ಗಟ್ಟಿಗಿತ್ತಿ ನೀನು" ಎಂದು ತಬ್ಬಿಕೊಳ್ಳಿ. ದ್ರಾಕ್ಷಿ ಕೊಡುವುದಾದರೆ ಉದ್ದಕ್ಕೆ ಸೀಳಿ ಕೊಡಿ, ಇಡೀ ಹಣ್ಣು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ವಾಂತಿ ಆದರೆ

ಕುಡಿಸಿದ ಕೂಡಲೇ ಔಷಧವೆಲ್ಲ ಆಚೆ ಬಂದದ್ದು ಕಣ್ಣಿಗೆ ಕಂಡರೆ, ಮಗು ಸುಧಾರಿಸಿಕೊಂಡ ಮೇಲೆ ಇನ್ನೊಮ್ಮೆ ಕೊಡಬೇಕಾಗಬಹುದು. ಒಂದು ಗಂಟೆ ಕಳೆದಿದ್ದರೆ ಬೇಡ. ನಡುವಿನದ್ದಾದರೆ, ಅಥವಾ ಎಷ್ಟು ಉಗಿದಿದೆ ಎಂದು ಗೊತ್ತಾಗದಿದ್ದರೆ, ಡಾಕ್ಟರಿಗೋ ಮೆಡಿಕಲ್ ಶಾಪಿಗೋ ಫೋನ್ ಮಾಡಿ ಕೇಳಿ. ಫಿಟ್ಸ್ ಮತ್ತು ಹೃದಯದ ಔಷಧಗಳನ್ನು ಡಾಕ್ಟರನ್ನು ಕೇಳದೆ ಎರಡನೇ ಸಲ ಕೊಡಲೇಬೇಡಿ.

ಏನು ಕೊಟ್ಟರೂ ಎಲ್ಲ ವಾಂತಿ, ಹಾಲು ನೀರು ಯಾವುದೂ ಬೇಡ, ಎಬ್ಬಿಸಿದರೂ ಮಂಕು, ಫಿಟ್ಸ್ ಬಂತು, ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆಯುತ್ತಿದೆ. ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಔಷಧ ಕುಡಿಸಲು ಹೊತ್ತು ಕಳೆಯಬೇಡಿ. ಹಳ್ಳಿಯಲ್ಲಿದ್ದರೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಿ.

ಕೋರ್ಸ್ ಮುಗಿದ ಮೇಲೆ ಉಳಿದ ಆಂಟಿಬಯೋಟಿಕ್ ಸಿರಪ್ ಚೆಲ್ಲಿಬಿಡಿ. ಮುಂದಿನ ಜ್ವರಕ್ಕೆ ಇಟ್ಟುಕೊಳ್ಳಬೇಡಿ, ಪಕ್ಕದ ಮನೆ ಮಗುವಿಗೂ ಕೊಡಬೇಡಿ. ಪ್ಯಾರಾಸಿಟಮಾಲ್ ಬಾಟಲಿಯ ಮೇಲೆ ತೆರೆದ ತಾರೀಕು ಬರೆದು ಎತ್ತರದ ಕಪಾಟಿನಲ್ಲಿಡಿ. ಮನೆಯಲ್ಲಿ ಬಸುರಿ, ಬಾಣಂತಿ ಇದ್ದರೆ ಅವರ ಕಬ್ಬಿಣದ ಮಾತ್ರೆಗಳನ್ನೂ ಅಲ್ಲೇ ಇಡಿ. ಬಣ್ಣದ ಮಿಠಾಯಿ ಎಂದು ಮಕ್ಕಳು ತಿಂದರೆ ಜೀವಕ್ಕೇ ಅಪಾಯ. ಸಿರಿಂಜನ್ನು ಪ್ರತಿ ಸಲ ಬಿಚ್ಚಿ, ಬಿಸಿ ನೀರಲ್ಲಿ ತೊಳೆದು, ಒಣಗಿಸಿ ಇಡಿ. ಗೆರೆಗಳು ಅಳಿಸಲು ಶುರುವಾದರೆ ಹೊಸದು ತೆಗೆದುಕೊಳ್ಳಿ.